ಹೆಸರಿಗಿಂತ ಕಸುಬು ಮೊದಲು: ಶೆಫೀಲ್ಡಿನ ಚಾಕು ಕೆಲಸದ ಮನೆತನಗಳನ್ನು ಹುಡುಕುವಾಗ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಚಾಕು ಕೆಲಸದ ಊರು ಶೆಫೀಲ್ಡ್. ಅಲ್ಲಿನ ಹತ್ತೊಂಬತ್ತನೇ ಶತಮಾನದ ದಾಖಲೆಯಲ್ಲಿ ಒಬ್ಬನ ಹೆಸರಿನ ಮುಂದೆ ‘ಕಟ್ಲರ್’ ಎಂದಿದ್ದರೆ ಅವನು ಅಲಗು ಬಡಿದವನೂ ಅಲ್ಲ, ಸಾಣೆ ಹಿಡಿದವನೂ ಅಲ್ಲ. ಇನ್ನೊಬ್ಬರು ಬಡಿದು, ಮತ್ತೊಬ್ಬರು ಸಾಣೆ ಹಿಡಿದು ಕೊಟ್ಟ ಅಲಗಿಗೆ ಹಿಡಿ ಕೂರಿಸಿ, ಮಡಚುವ ಚಾಕಾದರೆ ಸ್ಪ್ರಿಂಗ್ ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಮಾರುವ ಹದಕ್ಕೆ ತಂದವನು. ಅಲ್ಲಿಂದ ಇನ್ನೂ ನೂರೈವತ್ತು ವರ್ಷ ಹಿಂದೆ ಹೋದರೆ ಅದೇ ಪದಕ್ಕೆ ಅರ್ಥ ಬೇರೆ. ಆಗ ಒಬ್ಬನೇ ಕುಲುಮೆಯಲ್ಲಿ ಬಡಿದು, ಹೊಳೆಯ ಬದಿಗೆ ಒಯ್ದು ಸಾಣೆ ಹಿಡಿದು, ಮನೆಗೆ ತಂದು ಹಿಡಿ ಹಾಕುತ್ತಿದ್ದ. ಈ ವ್ಯತ್ಯಾಸ ತಿಳಿಯದೆ ಹುಡುಕಲು ಕೂತವರು ಬಹಳ ಬೇಗ ಯಾರದೋ ಮುತ್ತಾತನನ್ನು ತಮ್ಮ ಮರಕ್ಕೆ ಕಟ್ಟಿಬಿಡುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಸೊಸೆಯ ಕಡೆಯದೋ ಅಳಿಯನ ಕಡೆಯದೋ ವಂಶಾವಳಿ ಬರೆಯುವ ಪ್ರಸಂಗ ಬಂದಾಗ, ಆ ಕಡೆಯವರು ಯಾರ್ಕ್‌ಷೈರಿನವರಾದರೆ, ನಾಲ್ಕು ತಲೆ ಹಿಂದೆ ಚಾಕು ಕೆಲಸದವರು ಸಿಗುವುದು ಅಪರೂಪವಲ್ಲ. ಹೀಗೆ ಹುಡುಕುತ್ತ ನಡೆದ ದಾರಿ, ಆ ದಾರಿಯ ಹಳ್ಳದಿಣ್ಣೆಗಳು ಇಲ್ಲಿವೆ.

ಮೊದಲು ಪದಗಳು. ಅಲಗು ಬಡಿಯುವವನು ಫೋರ್ಜರ್. ದೊಡ್ಡ ಅಲಗಾದರೆ ಎದುರು ನಿಂತು ಸಮ್ಮಟಿಗೆ ಬೀಸುವವನು ಸ್ಟ್ರೈಕರ್. ಸಾಣೆ ಹಿಡಿಯುವವನು ಗ್ರೈಂಡರ್. ಹಿಡಿ ಕೂರಿಸುವವನು ಹ್ಯಾಫ್ಟರ್. ಇವರೊಳಗೆ ಮತ್ತೆ ಒಳಜಾತಿಗಳು: ಟೇಬಲ್ ಬ್ಲೇಡ್ ಎಂದರೆ ಊಟದ ಮೇಜಿನ ಚಾಕು, ಸ್ಪ್ರಿಂಗ್ ನೈಫ್ ಎಂದರೆ ಮಡಚುವ ಚಾಕು, ಪೆನ್ ಬ್ಲೇಡ್ ಎಂದರೆ ಸಣ್ಣ ಚಾಕಿನ ಅಲಗು. ಕತ್ತರಿಯ ಎರಡು ಭಾಗ ಜೋಡಿಸುವವನಿಗೆ ‘ಪುಟರ್-ಟುಗೆದರರ್’ ಎಂಬ ವಿಚಿತ್ರ ಹೆಸರು. ಹಿಡಿಯ ಎರಡು ಬದಿಗೆ ಕೊಂಬು, ಮೂಳೆ, ದಂತದ ಹಲ್ಲೆ ಸೀಳಿ ಕೊಡುವವನು ಸ್ಕೇಲ್ ಕಟರ್. ‘ಸ್ಟ್ಯಾಗ್’ ಹಿಡಿ ಎಂದು ದಾಖಲೆಗಳಲ್ಲಿ ಬರುವ ಕೊಂಬಿನಲ್ಲಿ ದೊಡ್ಡ ಪಾಲು ಭಾರತದಿಂದ ಹಡಗೇರಿದ ಕಡವೆ ಕೊಂಬು. ಆ ಊರಿಗೂ ನಮ್ಮ ನಾಡಿನ ಕಾಡುಗಳಿಗೂ ಇದ್ದ ನಂಟು ಅಷ್ಟು ಹಳೆಯದು.

ಕೆಲಸದ ಈ ಹಂಚಿಕೆ ಸುಲಭಕ್ಕೆ ಬದಲಾಗುತ್ತಿರಲಿಲ್ಲ ಎಂಬುದೇ ಹುಡುಕುವವರಿಗೆ ದೊಡ್ಡ ಅನುಕೂಲ. ಕ್ಷೌರದ ಕತ್ತಿಗೆ ಸಾಣೆ ಹಿಡಿಯುವವನು ಮುಂದಿನ ಜನಗಣತಿಯಲ್ಲೂ ಬಹುಪಾಲು ಅದನ್ನೇ ಮಾಡುತ್ತಿರುತ್ತಾನೆ. ಮಗನೂ ಅದೇ ಕೆಲಸಕ್ಕೆ ಇಳಿದಿರುತ್ತಾನೆ. ಒಂದೇ ಬೀದಿಯಲ್ಲಿ, ಒಂದೇ ವಯಸ್ಸಿನ, ಒಂದೇ ಹೆಸರಿನ ಇಬ್ಬರಿದ್ದಾಗ ಒಬ್ಬ ಮಡಚುವ ಚಾಕಿನ ಕಟ್ಲರ್, ಇನ್ನೊಬ್ಬ ಅರ ಕೊರೆಯುವವ ಎಂಬುದಷ್ಟೇ ಅವರನ್ನು ಬೇರೆ ಮಾಡುತ್ತದೆ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ‘ಚಾಕು ಕೆಲಸ’ ಎಂದು ಚುಟುಕಾಗಿ ಬರೆದುಕೊಳ್ಳಬಾರದು. ದಾಖಲೆಯಲ್ಲಿ ಏನಿದೆಯೋ ಅದನ್ನು ಅಕ್ಷರಕ್ಕಕ್ಷರ ಇಳಿಸಿಕೊಳ್ಳಬೇಕು. ಜಾಲತಾಣಗಳ ಸೂಚಿಯನ್ನು ನಂಬಿದರೂ ಕೆಡುತ್ತದೆ. ಹಳೆಯ ಕೈಬರಹದ ಹ್ಯಾಫ್ಟರ್, ಸೂಚಿ ಮಾಡಿದವರ ಕಣ್ಣಿಗೆ ಟೋಪಿ ಮಾಡುವ ಹ್ಯಾಟರ್ ಆಗುತ್ತಾನೆ. ಕಟ್ಲರ್ ಒಮ್ಮೊಮ್ಮೆ ಬಟ್ಲರ್ ಆಗಿ ಯಾರದೋ ಬಂಗಲೆಯ ಬಾಗಿಲು ತೆರೆಯಲು ನಿಲ್ಲುತ್ತಾನೆ. ಮೂಲ ಪುಟದ ಚಿತ್ರ ನೋಡದೆ ಯಾವ ಹೆಸರನ್ನೂ ಮರಕ್ಕೆ ಸೇರಿಸಬೇಡಿ.

ಜಾಗದ ಪದಗಳೂ ಮೋಸ ಮಾಡುತ್ತವೆ. ಶೆಫೀಲ್ಡಿನಲ್ಲಿ ‘ವೀಲ್’ ಎಂದರೆ ಬರಿಯ ಚಕ್ರವಲ್ಲ, ಸಾಣೆ ಹಿಡಿಯುವ ಇಡೀ ಕಟ್ಟಡ. ನೀರಿನ ಬಲದಿಂದ ನಡೆಯುತ್ತಿದ್ದ ಶೆಪರ್ಡ್ ವೀಲ್ ಪೋರ್ಟರ್ ಹೊಳೆಯ ಬದಿಯಲ್ಲಿ ಈಗಲೂ ಇದೆ, ಒಳಗೆ ಹೋಗಿ ನೋಡಬಹುದು. ಆ ಕಟ್ಟಡದ ಒಂದೊಂದು ಕೋಣೆ ‘ಹಲ್’. ಕೋಣೆಯೊಳಗೆ ಒಬ್ಬೊಬ್ಬ ಸಾಣೆಗಾರ ಕೂರುವ ತಾಣಕ್ಕೆ ‘ಟ್ರೋ’ ಎಂದು ಹೆಸರು. ಅದನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಯಾವನದೋ ಕೆಲಸದ ವಿಳಾಸ ಒಂದು ದೊಡ್ಡ ಕಂಪನಿಯ ಕಟ್ಟಡ ಎಂದ ಮಾತ್ರಕ್ಕೆ ಅವನು ಆ ಕಂಪನಿಯ ಸಂಬಳದಾಳು ಎಂದು ತಿಳಿಯುವುದು ತಪ್ಪು. ಅಲ್ಲಿ ಜಾಗ ಬಾಡಿಗೆಗೆ ಹಿಡಿದು ನಾಲ್ಕಾರು ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತಿದ್ದ ‘ಲಿಟ್ಲ್ ಮೆಸ್ಟರ್’ ಆಗಿರಬಹುದು. ಅಂದರೆ ಚಿಕ್ಕ ಯಜಮಾನ, ಒಬ್ಬನೇ ಅಥವಾ ಒಂದಿಬ್ಬರು ಹುಡುಗರನ್ನಿಟ್ಟುಕೊಂಡು ಸ್ವಂತಕ್ಕೆ ದುಡಿಯುವವನು. ಇದನ್ನು ತೀರ್ಮಾನಿಸಲು 1891ರಿಂದ ಈಚಿನ ಜನಗಣತಿ ನೆರವಾಗುತ್ತದೆ. ಕೆಲಸ ಕೊಡುವವನೋ, ಕೂಲಿಯವನೋ, ಎರಡೂ ಅಲ್ಲವೋ ಎಂಬ ಕಲಂ ಅಲ್ಲಿಂದ ಶುರುವಾಗುತ್ತದೆ.

ಹುಡುಕಾಟ ಹಿಂದಿನಿಂದ ಮುಂದಕ್ಕಲ್ಲ, ಈಚಿನಿಂದ ಆಚೆಗೆ. ಇಂಗ್ಲೆಂಡಿನಲ್ಲಿ ನೂರು ವರ್ಷ ತುಂಬಿದ ಜನಗಣತಿಯಷ್ಟೇ ಸಾರ್ವಜನಿಕರಿಗೆ ತೆರೆಯುತ್ತದೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಅದೇ ನಿಮ್ಮ ಮೊದಲ ಮೆಟ್ಟಿಲಾಗಲಿ, ಏಕೆಂದರೆ ಕೆಲಸ ಕೊಟ್ಟವರ ಹೆಸರು ಮತ್ತು ಕೆಲಸದ ಜಾಗವನ್ನು ಪ್ರತಿಯೊಬ್ಬರಿಂದ ಕೇಳಿ ಬರೆಸಿದ ಮೊದಲ ಜನಗಣತಿ ಅದು. ಮುತ್ತಜ್ಜಿ ‘ಬಫರ್’ ಆಗಿದ್ದಳು, ಅಂದರೆ ಚಮಚ ಮುಳ್ಳುಚಮಚಗಳಿಗೆ ಹೊಳಪು ಕೊಡುವವಳು, ಎಂಬುದರ ಜತೆಗೆ ಯಾರ ಕಾರ್ಖಾನೆಯಲ್ಲಿ ಎಂಬುದೂ ಸಿಗುತ್ತದೆ. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ನಡುವಿನ ಕಂದಕಕ್ಕೆ 1939ರ ನೋಂದಣಿ ಪಟ್ಟಿಯೊಂದೇ ಸೇತುವೆ. 1911ರದ್ದು ಇನ್ನೊಂದು ಕಾರಣಕ್ಕೆ ಅಮೂಲ್ಯ: ಮನೆಯ ಯಜಮಾನ ತನ್ನ ಕೈಯಾರೆ ತುಂಬಿದ ಹಾಳೆಯೇ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ತೀರಿಹೋದರು ಎಂಬುದು ಅದರಲ್ಲಿದೆ. ಗಣತಿಗಳ ನಡುವೆ ಹುಟ್ಟಿ ಸತ್ತ ಕೂಸುಗಳು ಲೆಕ್ಕಕ್ಕೆ ಬರುವುದು ಅಲ್ಲಿ ಮಾತ್ರ.

ಹಿಂದೆ ಹಿಂದೆ ಹೋದಂತೆ ವಿವರ ತೆಳುವಾಗುತ್ತದೆ. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆದಿದ್ದಾರೆ. 34ರವನು 30 ಆಗಿರುತ್ತಾನೆ. ಒಂದೇ ಮನೆಯವರ ನಡುವಿನ ಸಂಬಂಧವೂ ಬರೆದಿಲ್ಲ. ಮಗ ಎಂದುಕೊಂಡ ಹುಡುಗ ಕೆಲಸ ಕಲಿಯಲು ಬಂದು ಮನೆಯಲ್ಲೇ ಉಂಡು ಮಲಗುವ ಅಪ್ರೆಂಟಿಸ್ ಆಗಿರಬಹುದು. 1851ರ ಹಾಳೆಯೊಂದಿಗೆ ಹೋಲಿಸದೆ 1841ರ ಮೇಲೆ ಏನನ್ನೂ ಕಟ್ಟಬೇಡಿ.

ವಿಳಾಸದಲ್ಲಿ ಎರಡು ತೊಡಕು. ಕೆಲಸಗಾರರು ಬೀದಿಗೆ ಮುಖವಿದ್ದ ಮನೆಗಳಲ್ಲಿ ಇದ್ದದ್ದಕ್ಕಿಂತ ಹಿಂದಿನ ‘ಕೋರ್ಟ್’ಗಳಲ್ಲಿ ಇದ್ದದ್ದೇ ಹೆಚ್ಚು: ನಡುವೆ ಅಂಗಳ, ಸುತ್ತ ಮನೆಗಳು, ಮೂಲೆಯಲ್ಲಿ ಒಂದು ಕಾರ್ಯಾಗಾರ. ‘3 ಕೋರ್ಟ್, 5 ಹೌಸ್, ಇಂಥ ಸ್ಟ್ರೀಟ್’ ಎಂದರೆ ಆ ಬೀದಿಯ ಮೂರನೇ ಅಂಗಳದ ಐದನೇ ಮನೆ. ಇದನ್ನು ಬೀದಿಯ 35ನೇ ನಂಬರ್ ಎಂದು ಓದಿದ ಸೂಚಿಗಳಿವೆ. ಎರಡನೆಯದು ನೋಂದಣಿ ಜಿಲ್ಲೆ. 1837ರ ಜುಲೈ 1ರಿಂದ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾದಾಗ ಊರು ಶೆಫೀಲ್ಡ್ ಮತ್ತು ಎಕ್ಲೆಸಾಲ್ ಬಿಯರ್ಲೋ ಎಂಬ ಎರಡು ಜಿಲ್ಲೆಗಳಾಗಿ ಒಡೆಯಿತು. ನಾಲ್ಕು ಬೀದಿ ಆಚೆಗೆ ಮನೆ ಬದಲಿಸಿದರೂ ಜಿಲ್ಲೆ ಬದಲು. ಅಣ್ಣ ಶೆಫೀಲ್ಡಿನಲ್ಲಿ, ತಂಗಿ ಎಕ್ಲೆಸಾಲ್ ಬಿಯರ್ಲೋದಲ್ಲಿ ದಾಖಲಾಗಿದ್ದರೆ ಅವು ಎರಡು ಕುಟುಂಬ ಎಂದು ಕೈಬಿಟ್ಟವರಿದ್ದಾರೆ. ಬ್ರ್ಯಾಡ್‌ಫೀಲ್ಡ್, ಎಕ್ಲೆಸ್‌ಫೀಲ್ಡ್ ಕಡೆಯ ಹಳ್ಳಿಗಳಾದರೆ ವಾರ್ಟ್ಲಿ ಜಿಲ್ಲೆಯನ್ನೂ ನೋಡಬೇಕು. ಸರ್ಕಾರಿ ನೋಂದಣಿ ಕಚೇರಿಯ ಸ್ವಂತ ಜಾಲತಾಣದ ಸೂಚಿಯಲ್ಲಿ 1837ರಿಂದಲೇ ಮಗುವಿನ ತಾಯಿಯ ತವರಿನ ಅಡ್ಡಹೆಸರು ಇರುತ್ತದೆ. ಬೇರೆಡೆ ಸಿಗುವ ಹಳೆಯ ಸೂಚಿಗಳಲ್ಲಿ ಅದು 1911ರ ನಂತರವಷ್ಟೇ. ಎರಡು ಜಿಲ್ಲೆಯ ಮಕ್ಕಳನ್ನು ಒಂದು ತಾಯಿಗೆ ಸೇರಿಸುವ ಕೊಂಡಿ ಅದೇ.

ಮರಣ ಪ್ರಮಾಣಪತ್ರಕ್ಕೆ ಹಣ ಖರ್ಚು ಮಾಡಲು ಹಿಂಜರಿಯುವವರು ಸಾಣೆಗಾರರ ವಿಷಯದಲ್ಲಾದರೂ ಹಿಂಜರಿಯಬಾರದು. ಸಾವಿನ ಕಾರಣದ ಕಲಂನಲ್ಲಿ ‘ಗ್ರೈಂಡರ್ಸ್ ಆಸ್ತಮಾ’ ಎಂದೋ ಬರಿಯ ‘ಥೈಸಿಸ್’ ಎಂದೋ ಬರೆದಿರುತ್ತದೆ. ಎರಡನೆಯದಕ್ಕೆ ಕ್ಷಯ ಎಂದರ್ಥ, ಆದರೆ ಸಾಣೆಗಾರನ ಹೆಸರಿನ ಮುಂದೆ ಬಂದಾಗ ಅದು ಶ್ವಾಸಕೋಶದಲ್ಲಿ ತುಂಬಿದ ಕಲ್ಲಿನ ಪುಡಿಯೇ ಆಗಿರುವ ಸಂಭವ ಹೆಚ್ಚು. ಸಾಣೆಕಲ್ಲು ಮರಳುಗಲ್ಲಿನದು. ನೀರು ಹಾಯಿಸಿ ತಿರುಗಿಸಿದರೆ ಧೂಳು ಕಡಿಮೆ; ಗರಗಸ, ಕುಡುಗೋಲಿನಂಥ ದೊಡ್ಡ ಸಾಮಾನಿಗೆ ಹೀಗೆ ಮಾಡುತ್ತಿದ್ದರು. ಮುಳ್ಳುಚಮಚಕ್ಕೆ ಒಣಕಲ್ಲೇ ಬೇಕಿತ್ತು. ಕ್ಷೌರದ ಕತ್ತಿ, ಕತ್ತರಿಗೆ ಒಂದಷ್ಟು ಒಣ, ಒಂದಷ್ಟು ಹಸಿ. ಶೆಫೀಲ್ಡಿನ ವೈದ್ಯ ಜಾರ್ಜ್ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಈ ರೋಗದ ಬಗ್ಗೆ ಬರೆದಾಗಲೇ ಒಣಕಲ್ಲಿನವರು, ಅದರಲ್ಲೂ ಮುಳ್ಳುಚಮಚದವರು, ಎಲ್ಲರಿಗಿಂತ ಬೇಗ ಸಾಯುತ್ತಾರೆ ಎಂಬುದು ಊರಿಗೇ ಗೊತ್ತಿದ್ದ ಮಾತು. ನಿಮ್ಮ ಸಾಲಿನ ಮುಳ್ಳುಚಮಚದ ಸಾಣೆಗಾರ ಮುಂದಿನ ಜನಗಣತಿಯಲ್ಲಿ ಕಾಣದಿದ್ದರೆ ಊರು ಬಿಟ್ಟಿರಬೇಕು ಎಂದುಕೊಳ್ಳುವ ಮೊದಲು ಸಾವಿನ ಸೂಚಿ ನೋಡಿ, ವಯಸ್ಸು ಮೂವತ್ತರ ಆಸುಪಾಸಿನಲ್ಲಿದ್ದರೂ ಸರಿ. ಹೆಂಡತಿ ಬೇರೆ ಅಡ್ಡಹೆಸರಿನಲ್ಲಿ ಮರುಮದುವೆಯಾಗಿರುತ್ತಾಳೆ, ಮಕ್ಕಳು ಮಲತಂದೆಯ ಹೆಸರಿನಲ್ಲಿ ಸಿಗುತ್ತಾರೆ. ಅರ ಕೊರೆಯುವವರ ಶತ್ರು ಬೇರೆ. ಅರವನ್ನು ಸೀಸದ ಹಾಸಿನ ಮೇಲಿಟ್ಟು ಉಳಿಯಿಂದ ಗೆರೆ ಹೊಡೆಯುತ್ತಿದ್ದರಿಂದ ಸೀಸದ ವಿಷ ಏರುತ್ತಿತ್ತು. ಪಾರ್ಶ್ವವಾಯು, ಹೊಟ್ಟೆನೋವು ಎಂದು ಬರೆದ ಸಾವಿನ ಹಿಂದೆ ಅದಿರಬಹುದು. ಇನ್ನು ಹಸಿಕಲ್ಲಿನ ಸಾಣೆಗಾರರಿಗೆ ತಿರುಗುವ ಕಲ್ಲೇ ಸಿಡಿಯುವ ಅಪಾಯ. ಹಾಗೆ ಸತ್ತವರ ಬಗ್ಗೆ ಕೊರೊನರ್, ಅಂದರೆ ಅಸಹಜ ಸಾವಿನ ಕಾರಣ ಹುಡುಕುವ ಅಧಿಕಾರಿ, ವಿಚಾರಣೆ ನಡೆಸಿ, ಶೆಫೀಲ್ಡ್ ಇಂಡಿಪೆಂಡೆಂಟ್‌ನಂಥ ಊರ ಪತ್ರಿಕೆಗಳಲ್ಲಿ ವರದಿಯಾಗುತ್ತಿತ್ತು. ಅಣ್ಣತಮ್ಮಂದಿರ, ಜತೆಗಾರರ ಸಾಕ್ಷಿ ಅಲ್ಲಿ ಹೆಸರು ಸಮೇತ ಸಿಗುತ್ತದೆ. ಹೂಳಿದವರ ದಾಖಲೆಗಳಿಗೆ ಶೆಫೀಲ್ಡ್ ಇಂಡೆಕ್ಸರ್ಸ್ ಎಂಬ ಸ್ವಯಂಸೇವಕರ ಉಚಿತ ಜಾಲತಾಣ ಮೊದಲ ನಿಲ್ದಾಣ. ಸ್ಮಶಾನದ ಪುಸ್ತಕಗಳಿಂದ ಕಸುಬು, ವಿಳಾಸಗಳನ್ನೂ ಎತ್ತಿ ಬರೆದಿದ್ದಾರೆ.

1837ರ ಆಚೆಗೆ ಚರ್ಚಿನ ರಿಜಿಸ್ಟರುಗಳು. ಊರ ದೊಡ್ಡ ಚರ್ಚು, ಈಗಿನ ಕೆಥೀಡ್ರಲ್, 1560ರಿಂದ ದಾಖಲೆ ಇಟ್ಟಿದೆ. 1813ರಿಂದ ಅಚ್ಚಿನ ನಮೂನೆ ಬಂದು ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಕಸುಬು ಕಡ್ಡಾಯವಾಯಿತು. ಅದಕ್ಕೂ ಹಿಂದೆ ಕಸುಬು ಸಿಕ್ಕರೆ ಅದೃಷ್ಟ. ಇಲ್ಲಿ ಹೆಚ್ಚಿನವರು ಮುಗ್ಗರಿಸುವುದು ಪಂಥದ ವಿಷಯದಲ್ಲಿ. ಚಾಕು ಕೆಲಸದವರಲ್ಲಿ ಮೆಥಡಿಸ್ಟರು, ಯೂನಿಟೇರಿಯನ್ನರು, ಕ್ವೇಕರರಂಥ, ಸರ್ಕಾರಿ ಪಂಥದ ಹೊರಗಿನ ಕ್ರೈಸ್ತರು ಬಹಳ. ಅವರ ಮಕ್ಕಳ ಹೆಸರು ಎಷ್ಟೋ ಸಲ ದೊಡ್ಡ ಚರ್ಚಿನಲ್ಲಿ ಇರುವುದಿಲ್ಲ. ಆ ಪಂಥಗಳ ಪುಸ್ತಕಗಳಲ್ಲಿ ಬಹುಪಾಲು 1837ರ ನಂತರ ಸರ್ಕಾರದ ವಶಕ್ಕೆ ಹೋಗಿ ಈಗ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಆನ್‌ಲೈನಿನಲ್ಲೂ ಇವೆ. ಆದರೆ ಮದುವೆ ಮಾತ್ರ 1754ರಿಂದ 1837ರವರೆಗೆ, ಕ್ವೇಕರ್ ಮತ್ತು ಯಹೂದಿಗಳನ್ನು ಬಿಟ್ಟರೆ, ಎಲ್ಲರೂ ಸರ್ಕಾರಿ ಪಂಥದ ಚರ್ಚಿನಲ್ಲೇ ಮಾಡಿಕೊಳ್ಳಬೇಕಿತ್ತು. ಮದುವೆ ಸಿಕ್ಕಿ ಮಕ್ಕಳು ಸಿಗದಿದ್ದರೆ ಪಂಥ ಬೇರೆ ಎಂದು ಅನುಮಾನಿಸಿ.

ಈಗ ಅಸಲು ನಿಧಿ. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ‘ಕಂಪನಿ ಆಫ್ ಕಟ್ಲರ್ಸ್ ಇನ್ ಹ್ಯಾಲಮ್‌ಶೈರ್’ ಹುಟ್ಟಿತು. ಹ್ಯಾಲಮ್‌ಶೈರ್ (ಶೆಫೀಲ್ಡ್ ಮತ್ತು ಅಕ್ಕಪಕ್ಕದ ಸೀಮೆ) ಮತ್ತು ಅದರ ಸುತ್ತ ಆರು ಮೈಲಿಯೊಳಗೆ ಚಾಕು, ಕತ್ತರಿ, ಕುಡುಗೋಲು ಮಾಡಬೇಕಿದ್ದವರು ಕನಿಷ್ಠ ಏಳು ವರ್ಷ ಒಬ್ಬ ಯಜಮಾನನ ಬಳಿ ಕಲಿತು, ಕಂಪನಿಯಿಂದ ‘ಫ್ರೀಮನ್’, ಅಂದರೆ ಸ್ವಂತವಾಗಿ ಕಸುಬು ನಡೆಸುವ ಹಕ್ಕುಳ್ಳವರು, ಎನಿಸಿಕೊಂಡು, ಅಲಗಿನ ಮೇಲೆ ಒತ್ತುವ ತಮ್ಮದೇ ಮುದ್ರೆ ಪಡೆಯಬೇಕಿತ್ತು. ಆ ಪುಸ್ತಕಗಳು ಉಳಿದಿವೆ. ರಾಬರ್ಟ್ ಈಡನ್ ಲೀಡರ್ 1905-06ರಲ್ಲಿ ಹೊರತಂದ ಎರಡು ಸಂಪುಟಗಳ ಕಂಪನಿ ಚರಿತ್ರೆಯಲ್ಲಿ ಅಪ್ರೆಂಟಿಸರ, ಫ್ರೀಮನ್‌ಗಳ ಪಟ್ಟಿಯನ್ನು ಅಡ್ಡಹೆಸರಿನ ಅಕಾರಾದಿಯಲ್ಲಿ ಅಚ್ಚು ಹಾಕಿದ್ದಾರೆ. ಹುಡುಗನ ಹೆಸರು, ತಂದೆಯ ಹೆಸರು, ಊರು, ತಂದೆಯ ಕಸುಬು, ಯಜಮಾನನ ಹೆಸರು, ಎಷ್ಟು ವರ್ಷದ ಕರಾರು, ಯಾವ ಇಸವಿ, ಫ್ರೀಮನ್ ಆದ ಇಸವಿ. ಇಂಗ್ಲೆಂಡಿನ ಬಡ ಕುಶಲಕರ್ಮಿಗಳ ಬಗ್ಗೆ ಹದಿನೇಳನೇ ಶತಮಾನದಷ್ಟು ಹಿಂದಕ್ಕೆ ಇಷ್ಟು ವಿವರ ಬೇರೆಡೆ ಸಿಗುವುದು ಕಷ್ಟ.

ಓದುವ ಬಗೆಗೆ ಒಂದು ಮಾದರಿ. ‘ಸ್ಟ್ಯಾನಿಂಗ್‌ಟನ್ನಿನ ರೈತನ ಮಗ, ಇಂಥ ಕಟ್ಲರ್ ಬಳಿ, 8 ವರ್ಷ, 1731, ಫ್ರೀ. 1739’ ಎಂದಿದೆ ಎಂದಿಟ್ಟುಕೊಳ್ಳಿ. ಕರಾರು ಸಾಮಾನ್ಯವಾಗಿ 21 ತುಂಬುವಾಗ ಮುಗಿಯುತ್ತಿತ್ತು. ಆದ್ದರಿಂದ ಎಂಟು ವರ್ಷದ ಕರಾರೆಂದರೆ ಹುಡುಗ 13ರಲ್ಲಿ ಸೇರಿದ್ದಾನೆ, ಹುಟ್ಟಿದ್ದು 1718ರ ಸುಮಾರು. ಹಿಂದೆ ಮುಂದೆ ಎರಡು ವರ್ಷ ಬಿಟ್ಟು ಹುಡುಕಿ. ಎಲ್ಲಿ? ಸ್ಟ್ಯಾನಿಂಗ್‌ಟನ್ ಆಗ ಬ್ರ್ಯಾಡ್‌ಫೀಲ್ಡ್ ಚರ್ಚಿಗೆ ಸೇರಿತ್ತು. ಶೆಫೀಲ್ಡಿನ ರಿಜಿಸ್ಟರಿನಲ್ಲಿ ತಿಣುಕಾಡಿ ಫಲವಿಲ್ಲ. ಇನ್ನೊಂದು ಲೆಕ್ಕ: 1752ಕ್ಕೂ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ರಿಜಿಸ್ಟರಿನ 1717ರ ಫೆಬ್ರವರಿ ನಮ್ಮ ಎಣಿಕೆಯಲ್ಲಿ 1718. ಇದನ್ನು ಮರೆತರೆ ಮದುವೆಗೆ ಮೊದಲೇ ಮಗು ಹುಟ್ಟಿಸಿ ಸುಮ್ಮನೆ ಒಂದು ಅಪವಾದ ಹೊರಿಸಿದಂತಾಗುತ್ತದೆ.

ಪಟ್ಟಿಯಲ್ಲಿ ಇಲ್ಲದ್ದೂ ಮಾತಾಡುತ್ತದೆ. ಫ್ರೀಮನ್ ಆದವನ ಮಗ ಅಪ್ಪನ ಕುಲುಮೆಯಲ್ಲೇ ಕಲಿತರೆ ಅಪ್ರೆಂಟಿಸ್ ಸಾಲು ಬರುವುದಿಲ್ಲ, ಫ್ರೀಮನ್ ಆದ ಸಾಲು ಮಾತ್ರ ಬರಬಹುದು. ಅಪ್ರೆಂಟಿಸ್ ಸಾಲಿದ್ದು ಫ್ರೀಮನ್ ಸಾಲಿಲ್ಲದವರೂ ತುಂಬ. ಸತ್ತಿರಬಹುದು, ಓಡಿಹೋಗಿರಬಹುದು, ಶುಲ್ಕ ಕಟ್ಟಲಾಗದೆ ಬದುಕಿಡೀ ಇನ್ನೊಬ್ಬರ ಕೈಕೆಳಗೆ ದುಡಿದಿರಬಹುದು. ಗರಗಸದವರು, ಬೆಳ್ಳಿ ಕೆಲಸದವರು ಈ ಪಟ್ಟಿಯ ವ್ಯಾಪ್ತಿಗೇ ಬರುತ್ತಿರಲಿಲ್ಲ. 1814ರ ಕಾಯ್ದೆ ಯಾರು ಬೇಕಾದರೂ ಈ ಕಸುಬು ಮಾಡಬಹುದು ಎಂದ ಮೇಲಂತೂ ಪಟ್ಟಿಯ ಕೆಲಸ ಮುಗಿಯಿತು. 1814ರಿಂದ 1841ರವರೆಗಿನ ಆ ಇಪ್ಪತ್ತೇಳು ವರ್ಷವೇ ಇಡೀ ಹುಡುಕಾಟದ ಕಗ್ಗಾಡು. ಅದನ್ನು ದಾಟಿಸುವುದು 1813ರ ನಂತರದ ದೀಕ್ಷಾಸ್ನಾನದ ಸಾಲುಗಳು ಮತ್ತು ವ್ಯಾಪಾರಿ ಡೈರೆಕ್ಟರಿಗಳು. ಡೈರೆಕ್ಟರಿಯಲ್ಲಿ ಹೆಸರಿದ್ದರೆ ಸ್ವಂತ ವ್ಯವಹಾರ ಇತ್ತೆಂದು ಹೇಳಬಹುದು, ಇಲ್ಲದಿದ್ದರೆ ಏನೂ ಹೇಳಲಾಗದು. ಕೂಲಿಯವರನ್ನು ಅವು ಸೇರಿಸುತ್ತಿರಲಿಲ್ಲ. ಗೇಲ್ಸ್ ಮತ್ತು ಮಾರ್ಟಿನ್ ಅವರ 1787ರ ಡೈರೆಕ್ಟರಿ ಮಾತ್ರ ವಿಶೇಷ. ಕಟ್ಲರ್‌ಗಳ ಹೆಸರಿನ ಪಕ್ಕ ಅವರವರ ಮುದ್ರೆಯನ್ನೂ ಅಚ್ಚು ಮಾಡಿದ್ದಾರೆ.

ಲಂಡನ್ನಿನ ಕಟ್ಲರ್ಸ್ ಕಂಪನಿ ಬೇರೆ, 1416ರ ರಾಜ ಸನ್ನದಿನದು. ಅಲ್ಲಿ ಅಪ್ಪ ಸದಸ್ಯನಾಗಿದ್ದರೆ ಮಗನಿಗೂ ಸದಸ್ಯತ್ವದ ಹಕ್ಕು, ಮಗ ದರ್ಜಿಯಾಗಿದ್ದರೂ ಸರಿ. ಆದ್ದರಿಂದ ಲಂಡನ್ ಪಟ್ಟಿಯ ‘ಕಟ್ಲರ್’ ಚಾಕು ಮುಟ್ಟದವನೂ ಆಗಿರಬಹುದು. ಶೆಫೀಲ್ಡಿನ ನಿಯಮವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಮನೆಯ ಡ್ರಾಯರಿನಲ್ಲಿ ಉಳಿದ ಹಳೆಯ ಚಾಕು ಎಲ್ಲರಿಗೂ ಭಾವುಕ ಸಾಕ್ಷಿ. ದಾಖಲೆಯಾಗಿ ಅದು ದುರ್ಬಲ. ಅಲಗಿನ ಮುದ್ರೆ ಮಾರಿದ ಕಂಪನಿಯದು, ಮಾಡಿದ ಕೈಯದ್ದಲ್ಲ. ಮುದ್ರೆಯ ಇಸವಿಯೂ ಚಾಕಿನ ಇಸವಿಯಲ್ಲ. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಮುದ್ರೆ ಆ ಮನೆತನಕ್ಕೆ ಬಂದದ್ದು 1764ರಲ್ಲಿ, ಆದರೆ 1682ರಲ್ಲೇ ಅದು ಬೇರೊಬ್ಬನಿಗೆ ಕೊಟ್ಟಿದ್ದ ಮುದ್ರೆ. ಮುದ್ರೆಗಳನ್ನು ವಿಧವೆಯರು ಮುಂದುವರಿಸುತ್ತಿದ್ದರು, ಮಕ್ಕಳಿಗೆ ಬಿಡುತ್ತಿದ್ದರು, ಬಾಡಿಗೆಗೂ ಕೊಡುತ್ತಿದ್ದರು. ಕಾಲ ಗುರುತಿಸಲು ಬೇರೆ ಗೀಟುಗಳಿವೆ. ‘ಸ್ಟೇನ್‌ಲೆಸ್’ ಎಂದಿದ್ದರೆ ಹ್ಯಾರಿ ಬ್ರಿಯರ್ಲಿಯ 1913ರ ಉಕ್ಕಿನ ನಂತರದ್ದು. ಬರಿಯ ‘ಶೆಫೀಲ್ಡ್’ ಬದಲು ‘ಶೆಫೀಲ್ಡ್, ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ 1891ರ ಈಚಿನದು. ತನ್ನಲ್ಲಿಗೆ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕು ಎಂದು ಅಮೆರಿಕ ಕಾನೂನು ಮಾಡಿದ್ದರ ಪರಿಣಾಮ ಅದು. ಬೆಳ್ಳಿಯ ಚಮಚದ ಮೇಲಿನ ಕಿರೀಟ 1773ರಲ್ಲಿ ಶುರುವಾದ, ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಶೆಫೀಲ್ಡ್ ಅಸ್ಸೇ ಕಚೇರಿಯ 1975ಕ್ಕೂ ಹಿಂದಿನ ಗುರುತು, ಕಟ್ಲರ್ಸ್ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ.

ದೇಶದ ಹೆಸರು ಬೇಕೆಂದ ಆ ಅಮೆರಿಕದ ಕಾನೂನೇ, 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ, ಶೆಫೀಲ್ಡಿನ ಹೊಟ್ಟೆಗೂ ಹೊಡೆಯಿತು. ಅದಕ್ಕೆ ದಶಕಗಳ ಮೊದಲಿನಿಂದಲೂ ಕೆಲಸಗಾರರು ಅಮೆರಿಕದ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕಿನ ವಾಲ್ಡನ್ ಕಡೆಯ ಚಾಕು ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಸಾವಿನ ಸೂಚಿಯಲ್ಲೂ ಇಲ್ಲ, ಜನಗಣತಿಯಲ್ಲೂ ಇಲ್ಲ ಎಂದಾಗ ಅಲ್ಲಿ ನೋಡಿ. 1900ರ ಅಮೆರಿಕದ ಗಣತಿ ವಲಸೆ ಬಂದ ಇಸವಿಯನ್ನು ಕೇಳುತ್ತದೆ.

ಬಡವರ ಹೆಸರು ಅನಿರೀಕ್ಷಿತ ಜಾಗದಲ್ಲಿ ಸಿಗುವುದಕ್ಕೆ ಎರಡು ಉದಾಹರಣೆ. 1864ರ ಮಾರ್ಚ್ 11ರ ರಾತ್ರಿ ಡೇಲ್ ಡೈಕ್ ಅಣೆಕಟ್ಟು ಒಡೆದು ಲಾಕ್ಸ್‌ಲಿ ಕಣಿವೆಯ ಸಾಣೆ ಕಟ್ಟಡಗಳನ್ನೂ ಇನ್ನೂರಕ್ಕೂ ಹೆಚ್ಚು ಜೀವಗಳನ್ನೂ ಕೊಚ್ಚಿಕೊಂಡು ಹೋಯಿತು. ನೀರಿನ ಕಂಪನಿಯಿಂದ ಪರಿಹಾರ ಕೇಳಿ ಬಂದ ಸಾವಿರಾರು ಅರ್ಜಿಗಳ ಪುಸ್ತಕಗಳು ಶೆಫೀಲ್ಡ್ ಆರ್ಕೈವ್ಸ್‌ನಲ್ಲಿವೆ. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯ ಅವನ್ನು ಹುಡುಕುವಂತೆ ಆನ್‌ಲೈನಿಗೆ ಹಾಕಿದೆ. ಕಳೆದುಹೋದ ಹತಾರ, ಒದ್ದೆಯಾದ ಹಾಸಿಗೆ, ಕೆಲಸ ತಪ್ಪಿದ ದಿನಗಳು, ಎಲ್ಲಕ್ಕೂ ಬೆಲೆ ಕಟ್ಟಿದ್ದಾರೆ. ಇನ್ನೊಂದು, ಕಾರ್ಮಿಕ ಸಂಘಕ್ಕೆ ಚಂದಾ ಕೊಡದ ಸಾಣೆಗಾರನ ಚಕ್ರ ತಿರುಗಿಸುವ ಬೆಲ್ಟನ್ನು ರಾತ್ರೋರಾತ್ರಿ ಕದ್ದೊಯ್ಯುವ ‘ರ್‍ಯಾಟನಿಂಗ್’. ಅದು ಬೆಳೆದು ಸಿಡಿಮದ್ದಿನವರೆಗೆ ಹೋದಾಗ 1867ರಲ್ಲಿ ವಿಚಾರಣಾ ಆಯೋಗ ಊರಲ್ಲೇ ಕೂತು ಸಾಕ್ಷ್ಯ ಕೇಳಿತು. ಅಚ್ಚಾದ ಸಾಕ್ಷ್ಯದಲ್ಲಿ ಕೆಲಸಗಾರರ ಹೆಸರು, ಕೆಲಸದ ಜಾಗ, ಯಾರೊಂದಿಗೆ ಜಗಳ ಎಂಬುದೆಲ್ಲ ಇದೆ. ನಿಮ್ಮವರು ಕದ್ದವರೋ ಕಳೆದುಕೊಂಡವರೋ ಎಂಬುದಕ್ಕೆ ಸಿದ್ಧರಾಗಿ ಓದಿ.

1858ಕ್ಕೂ ಹಿಂದಿನ ಉಯಿಲುಗಳಿಗೆ ಶೆಫೀಲ್ಡಲ್ಲ, ಯಾರ್ಕ್ ವಿಶ್ವವಿದ್ಯಾಲಯದ ಬಾರ್ಥ್‌ವಿಕ್ ಸಂಸ್ಥೆ. ಹುಲ್ಲು ಕೊಯ್ಯುವ ಉದ್ದ ಹಿಡಿಯ ಕುಡುಗತ್ತಿಗೆ (ಸೈತ್) ಹೆಸರಾದ ನಾರ್ಟನ್ ಆಗ ಡರ್ಬಿಶೈರಿನಲ್ಲಿದ್ದದ್ದರಿಂದ ಅಲ್ಲಿಯವರದು ಲಿಚ್‌ಫೀಲ್ಡಿನ ಪಾಲು. ಹದಿನೇಳನೇ ಶತಮಾನದ ಕೊನೆಯಿಂದ ಉಯಿಲಿನ ಜತೆ ಸಿಗುವ ಆಸ್ತಿಪಟ್ಟಿಯೇ ಹೆಚ್ಚು ಮಾತಾಡುತ್ತದೆ: ಅಡಿಗಲ್ಲು, ತಿದಿ, ಇಕ್ಕಳ, ಅದರ ಪಕ್ಕದಲ್ಲೇ ಒಂದು ಹಸು, ಒಂದಿಷ್ಟು ಹುಲ್ಲು. ಅರೆ ರೈತ, ಅರೆ ಕಮ್ಮಾರ. ಅಡಿಗಲ್ಲಿಗೆ ಅಲ್ಲಿನ ಆಡುಮಾತಿನಲ್ಲಿ ‘ಸ್ಟಿಡಿ’ ಎನ್ನುತ್ತಾರೆ, ಪದಕೋಶದಲ್ಲಿ ಸಿಗದೆ ಪರದಾಡಬೇಡಿ.

ಇನ್ನೂ ಹಿಂದೆ ಹೋಗಬಹುದೇ? ಡಂಗ್‌ವರ್ತ್, ಕ್ರೆಸಿಕ್, ಬ್ರೂಮ್‌ಹೆಡ್ ಇವೆಲ್ಲ ಅಲ್ಲಿನ ಕಟ್ಲರ್ ಮನೆತನಗಳ ಅಡ್ಡಹೆಸರುಗಳು, ಜತೆಗೆ ಸುತ್ತಲಿನ ಹಳ್ಳಿ, ತೋಟದ ಮನೆಗಳ ಹೆಸರುಗಳೂ ಹೌದು. ನಮ್ಮ ಉತ್ತರ ಕರ್ನಾಟಕದಲ್ಲಿ ಊರೇ ಅಡ್ಡಹೆಸರಾದಂತೆ. ಅಂಥ ಹೆಸರಿದ್ದರೆ ಮೂಲ ಹಳ್ಳಿ ಊಹಿಸಬಹುದು, ಆದರೆ ಆ ಹಳ್ಳಿಯಿಂದ ಹೊರಟವರೆಲ್ಲ ಒಂದೇ ರಕ್ತದವರಲ್ಲ. 1297ರ ತೆರಿಗೆ ಪಟ್ಟಿಯಲ್ಲಿ ಶೆಫೀಲ್ಡಿನ ‘ರಾಬರ್ಟಸ್ ಲೆ ಕೊಟೆಲರ್’ ಎಂಬ ಒಬ್ಬನಿದ್ದಾನೆ, ಆ ಊರಿನ ದಾಖಲೆಯಲ್ಲಿ ಸಿಗುವ ಮೊದಲ ಕಟ್ಲರ್. ಅವನಿಗೂ 1560ರ ಚರ್ಚು ಪುಸ್ತಕಕ್ಕೂ ನಡುವೆ ಇನ್ನೂರ ಅರುವತ್ಮೂರು ವರ್ಷ. ಆನ್‌ಲೈನಿನಲ್ಲಿ ಯಾರಾದರೂ ತಮ್ಮ ಮರದ ಬುಡಕ್ಕೆ ಅವನನ್ನು ನೆಟ್ಟಿದ್ದರೆ, ಆ ಮರದಿಂದ ಒಂದು ಕೊಂಬೆಯನ್ನೂ ಎರವಲು ತರಬೇಡಿ.